ಘಟ್ಟದ ಮೇಲೆ 'ಏನಿಲ್ಲ' ಎನ್ನಬೇಡಿ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ದಂಪತಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ನೀವೇ ಆಗಿರಲೂಬಹುದು. ಇಷ್ಟು ವರ್ಷ ನೀವಿಬ್ಬರೂ ಜೊತೆಯಾಗಿ ಮಾಡಿದ ಪ್ರಯಾಣಗಳನ್ನು ಲೆಕ್ಕ ಹಾಕಿ ನೋಡಿ. ಸಂಬಂಧಿಕರ ಮದುವೆ, ಸಾವಿನ ಮನೆ, ಆಸ್ಪತ್ರೆ, ಮಕ್ಕಳ ಕಾಲೇಜು ಪ್ರವೇಶ. ಎಲ್ಲದಕ್ಕೂ ಒಂದು ಕಾರಣವಿತ್ತು, ಹಿಂದಿನ ಸೀಟಿನಲ್ಲಿ ಜನರಿದ್ದರು, ಮಡಿಲಲ್ಲಿ ಟಿಫಿನ್ ಡಬ್ಬಿ ಇತ್ತು. ಈಗ ಒಬ್ಬ ಮಗ ಹಾಸ್ಟೆಲಿನಲ್ಲಿದ್ದಾನೆ, ಮಗಳು ಅಜ್ಜಿಯ ಬಳಿ ಇರಲು ಒಪ್ಪಿದ್ದಾಳೆ. ಬೆಟ್ಟಗಳನ್ನು ನೋಡುವುದೊಂದೇ ಉದ್ದೇಶವಾಗಿ ಇಬ್ಬರೇ ಕಾರಿನಲ್ಲಿ ಹೊರಡುವ ಯೋಚನೆ ನಿಮಗೆ ಬಂದಿದೆ. ಶ್ರೀನಗರದಿಂದ ಲೇಹ್, ಲೇಹ್‌ನಿಂದ ಮನಾಲಿ.

ಒಳ್ಳೆಯ ಯೋಚನೆಯೇ. ನಮ್ಮಲ್ಲಿ ಇಂತಹ ಪ್ರಯಾಣವನ್ನು ಯುವಕರ ಬೈಕ್ ಸಾಹಸವೆಂದು ಬಿಟ್ಟುಬಿಡುವವರೇ ಹೆಚ್ಚು. ನಲುವತ್ತು ದಾಟಿದ ಗಂಡ ಹೆಂಡತಿಗೆ ಅದರಲ್ಲೇನು ಕೆಲಸ ಎಂದು ಕೇಳುತ್ತಾರೆ. ನಿಧಾನವಾಗಿ ಹೋಗಲು ಬಲ್ಲವರಿಗೇ ಈ ದಾರಿ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ಮನೆಗಳಲ್ಲಿ ಗುಣವೆಂದು ಹೊಗಳಿಸಿಕೊಳ್ಳುವ ಒಂದು ಅಭ್ಯಾಸ ಆ ಎತ್ತರದಲ್ಲಿ ಪ್ರಾಣಕ್ಕೇ ಎರವಾಗಬಹುದು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ದಾರಿಯ ವಿಷಯ.

ಕರಾವಳಿಯವರಿಗೂ ಮಲೆನಾಡಿನವರಿಗೂ ಘಟ್ಟ ಹೊಸದಲ್ಲ. ಚಾರ್ಮಾಡಿಯ ಮಂಜು, ಶಿರಾಡಿಯ ಲಾರಿ ಸಾಲು, ಆಗುಂಬೆಯ 14 ತಿರುವುಗಳು ನಮಗೆ ಗೊತ್ತು. ಆದರೆ ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಲೇಹ್ ಮನಾಲಿ ರಸ್ತೆಯ ಟಗ್ಲಂಗ್ ಲಾ ಇರುವುದು 5,328 ಮೀಟರಿನಲ್ಲಿ. ಹೀಗಾಗಿ ನಮ್ಮ ಘಟ್ಟಗಳಲ್ಲಿ ಕಲಿತ ಸ್ಟೇರಿಂಗ್ ಹಿಡಿತ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಅಲ್ಲಿನ ಗಾಳಿಯ ಬಗ್ಗೆ ಅವು ನಮಗೆ ಏನನ್ನೂ ಕಲಿಸಿಲ್ಲ. ಅಂದ ಹಾಗೆ, ಹೆಸರಿನ ಕೊನೆಯಲ್ಲಿರುವ 'ಲಾ' ಎಂದರೆ ಲಡಾಖಿ, ಟಿಬೆಟನ್ ಭಾಷೆಗಳಲ್ಲಿ ಕಣಿವೆ ದಾರಿ, ನಮ್ಮ ಮಾತಿನಲ್ಲಿ ಘಟ್ಟ. 'ಝೋಜಿಲಾ ಘಟ್ಟ' ಎಂದರೆ ಘಟ್ಟವನ್ನು ಎರಡು ಸಲ ಹೇಳಿದಂತೆ.

ಶ್ರೀನಗರದ ಕಡೆಯಿಂದಲೇ ಏಕೆ ಹೋಗಬೇಕು? ಮನಾಲಿಯ ಕಡೆಯಿಂದ ಹತ್ತಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮನಾಲಿ ಸುಮಾರು 2,050 ಮೀಟರ್. ಮರುದಿನ ಜಿಸ್ಪಾದಲ್ಲಿ 3,200, ಅದರ ಮರುದಿನ ಸರ್ಚುವಿನ ಡೇರೆಯಲ್ಲಿ ಸುಮಾರು 4,290 ಮೀಟರಿನಲ್ಲಿ ನಿದ್ದೆ. ವೈದ್ಯರು ಹೇಳುವುದೇ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ಶ್ರೀನಗರದ ದಾರಿ ಈ ಮಾತಿಗೆ ಹೆಚ್ಚು ಹೊಂದುತ್ತದೆ. ಶ್ರೀನಗರ 1,585, ಸೋನಾಮಾರ್ಗ್ 2,700ಕ್ಕೆ ಸ್ವಲ್ಪ ಹೆಚ್ಚು, ಕಾರ್ಗಿಲ್ 2,676, ಆಲ್ಚಿ ಸುಮಾರು 3,100, ಲೇಹ್ 3,500. ದಾರಿಯಲ್ಲಿ ಎತ್ತರದ ಘಟ್ಟ ದಾಟಿದರೂ ರಾತ್ರಿ ಮಲಗುವುದು ಕೆಳಗೆ. ಗಮನಿಸಿ, ಇಲ್ಲಿ ಮುಖ್ಯವಾದುದು ಹಗಲಿನಲ್ಲಿ ಎಷ್ಟು ಎತ್ತರ ಮುಟ್ಟಿದಿರಿ ಎಂಬುದಲ್ಲ, ರಾತ್ರಿ ಎಲ್ಲಿ ತಲೆಯಿಟ್ಟು ಮಲಗಿದಿರಿ ಎಂಬುದು.

ಮಂಗಳೂರಿನಿಂದ ಶ್ರೀನಗರಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಸ್ವಂತ ಕಾರು ಓಡಿಸಲು ಎಲ್ಲರಿಗೂ ರಜೆ ಇರುವುದಿಲ್ಲ. ಹೊರಗಿನಿಂದ ತಂದ ಬಾಡಿಗೆ ಕಾರುಗಳು ಲಡಾಖಿನಲ್ಲಿ ಸುತ್ತುವುದಕ್ಕೆ ಅಲ್ಲಿನ ಟ್ಯಾಕ್ಸಿ ಸಂಘಗಳ ವಿರೋಧವಿದೆ. ಆದ್ದರಿಂದ ಒಂದೋ ಬಿಳಿ ನಂಬರ್ ಪ್ಲೇಟಿನ ಸ್ವಂತ ಕಾರು, ಇಲ್ಲವೇ ಸ್ಥಳೀಯ ಟ್ಯಾಕ್ಸಿ. ಟ್ಯಾಕ್ಸಿಯಾದರೆ ಇಬ್ಬರೂ ಕಿಟಕಿಯಿಂದ ನೋಡಬಹುದು, ಅದೂ ಒಂದು ಲಾಭವೇ. ನಮ್ಮ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು ಕಾಶ್ಮೀರದಲ್ಲಾಗಲಿ ಲಡಾಖಿನಲ್ಲಾಗಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. 2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದ ಘಟನೆಯನ್ನು ನೀವು ಮರೆತಿರಲಾರಿರಿ. ಸತ್ತವರಲ್ಲಿ ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಬಡ ಕಾಶ್ಮೀರಿಯೂ ಒಬ್ಬ. ಹೊರಡುವ ಮುನ್ನ ಆಡಳಿತದ ಸೂಚನೆಗಳನ್ನು ನೋಡಿಕೊಂಡೇ ಹೊರಡಿ.

ಸೋನಾಮಾರ್ಗ್‌ವರೆಗೆ ರಸ್ತೆ ಈಗ ಸುಲಭ. 2025ರ ಜನವರಿಯಲ್ಲಿ ಉದ್ಘಾಟನೆಯಾದ ಸುಮಾರು ಆರೂವರೆ ಕಿಲೋಮೀಟರಿನ ಸುರಂಗದಿಂದಾಗಿ ಚಳಿಗಾಲದಲ್ಲಿಯೂ ಅಲ್ಲಿಗೆ ಹೋಗಬಹುದು. ಅಲ್ಲಿಂದ ಮುಂದೆ ಝೋಜಿಲಾ. ಎತ್ತರ 3,528 ಮೀಟರ್ ಮಾತ್ರ, ಈ ದಾರಿಯ ಘಟ್ಟಗಳ ಪೈಕಿ ಎಲ್ಲಕ್ಕಿಂತ ತಗ್ಗು. ಆದರೆ ಎಲ್ಲಕ್ಕಿಂತ ಹೆಚ್ಚು ಹೆದರಿಸುವುದೂ ಅದೇ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೇರ ಪ್ರಪಾತ, ಕೆಳಗೆ ಬಾಲ್ತಾಲ್‌ನ ಕಣಿವೆ. ಮಣ್ಣು, ಕೆಸರು, ಕಲ್ಲು. ಎದುರಿನಿಂದ ಸೇನೆಯ ಲಾರಿಗಳ ಸಾಲು ಬಂದರೆ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಸಂಚಾರ ಪೊಲೀಸರು ವಾಹನಗಳನ್ನು ಒಂದೊಂದು ದಿಕ್ಕಿಗೆ ಸಮಯ ನಿಗದಿ ಮಾಡಿ ಬಿಡುವುದುಂಟು, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ಚಳಿಗಾಲದ ಹಿಮ ಈ ದಾರಿಯನ್ನು ತಿಂಗಳುಗಟ್ಟಲೆ ಮುಚ್ಚುತ್ತಿದ್ದ ಕಾರಣ ಇದರ ಅಡಿಯಲ್ಲಿಯೂ ಸುರಂಗ ಕೊರೆಯುವ ಕೆಲಸ ಕೈಗೆತ್ತಿಕೊಳ್ಳಲಾಗಿದೆ.

ಈ ಘಟ್ಟಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ. 1948ರಲ್ಲಿ ಝೋಜಿಲಾ ಶತ್ರುಗಳ ವಶದಲ್ಲಿತ್ತು, ಲೇಹ್‌ನ ದಾರಿ ಕಡಿದು ಹೋಗಿತ್ತು. ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕ್‌ಗಳನ್ನು ತರಿಸುವ ಯೋಜನೆ ಹಾಕಿದರು. ಗುಟ್ಟು ಬಯಲಾಗದಂತೆ ಅವುಗಳ ಮೇಲಿನ ಗೋಪುರಗಳನ್ನು ಕಳಚಿ ತಂದು ಬಾಲ್ತಾಲ್‌ನಲ್ಲಿ ಮತ್ತೆ ಜೋಡಿಸಲಾಯಿತು. ನವೆಂಬರ್ 1ರಂದು ಹಿಮದ ನಡುವೆ ಆ ಪುಟ್ಟ ಸ್ಟುವರ್ಟ್ ಟ್ಯಾಂಕ್‌ಗಳು ಘಟ್ಟ ಏರಿದವು. ನಿಮ್ಮ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುವಾಗ ಅದನ್ನೊಮ್ಮೆ ನೆನಪಿಸಿಕೊಳ್ಳಿ.

ಝೋಜಿಲಾ ದಾಟಿದೊಡನೆ ಪ್ರಪಂಚವೇ ಬದಲಾಗುತ್ತದೆ. ಹಿಂದೆ ಪೈನ್ ಮರಗಳು, ಹುಲ್ಲುಗಾವಲು, ತೊರೆ. ಮುಂದೆ ಮರವೇ ಇಲ್ಲದ ಕಂದು, ಬೂದು ಬೆಟ್ಟಗಳು. ನಮ್ಮ ಪಶ್ಚಿಮ ಘಟ್ಟದಂತೆಯೇ ಇದೂ ಮೋಡಗಳನ್ನು ಒಂದು ಬದಿಯಲ್ಲೇ ತಡೆದು ನಿಲ್ಲಿಸುತ್ತದೆ. ನಾವು ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಅರ್ಧ ದಿನದಲ್ಲಿ ಕಾಣುವ ಬದಲಾವಣೆಯನ್ನು ಇಲ್ಲಿ ಒಂದು ಗಂಟೆಯಲ್ಲಿ ಕಾಣುತ್ತೀರಿ.

ದ್ರಾಸ್‌ನಲ್ಲಿ 1999ರ ಯುದ್ಧದ ಸ್ಮಾರಕವಿದೆ, ತೊಲೊಲಿಂಗ್ ಬೆಟ್ಟ ನೇರ ಎದುರಿಗೆ ನಿಂತಿದೆ. ಅಲ್ಲಿ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲಿ. ಕಾರ್ಗಿಲ್ ಪಟ್ಟಣವನ್ನು ಹೆಚ್ಚಿನವರು ಬರೇ ರಾತ್ರಿ ತಂಗುವ ಜಾಗ ಮಾಡಿಕೊಂಡು ಬೆಳಗ್ಗೆ ಓಡುತ್ತಾರೆ. ಅದು ತಪ್ಪು. ಶ್ರೀನಗರ, ಲೇಹ್, ಸ್ಕರ್ದು, ಝಂಸ್ಕಾರ್ ದಾರಿಗಳು ಸೇರುತ್ತಿದ್ದ ವ್ಯಾಪಾರದ ಪೇಟೆಯಿದು. ಮುನ್ಶಿ ಅಝೀಝ್ ಭಟ್ ಎಂಬ ವರ್ತಕರ ಹಳೆಯ ಸರಾಯಿಯಲ್ಲಿ ಉಳಿದಿದ್ದ ಸರಕುಗಳನ್ನು ಅವರ ಕುಟುಂಬದವರು ಪುಟ್ಟ ವಸ್ತು ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಮಧ್ಯ ಏಷ್ಯಾದಿಂದ ಕುದುರೆ, ಒಂಟೆಗಳ ಮೇಲೆ ಬಂದ ಸಾಮಾನುಗಳನ್ನು ಅಲ್ಲಿ ನೋಡಬಹುದು. ಈ ಘಟ್ಟಗಳನ್ನು ಕಾರು ಬರುವುದಕ್ಕೆ ಎಷ್ಟೋ ಮೊದಲು ವರ್ತಕರು ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು ಎಂಬುದು ಆಗ ಮನದಟ್ಟಾಗುತ್ತದೆ. ಕಾರ್ಗಿಲ್‌ನಲ್ಲಿ ಹೆಚ್ಚಿನವರು ಶಿಯಾ ಮುಸ್ಲಿಮರು. ಅಲ್ಲಿಂದ ಸುಮಾರು 40 ಕಿಲೋಮೀಟರ್ ಮುಂದೆ ಮುಲ್ಬೆಕ್‌ನಲ್ಲಿ ರಸ್ತೆಯ ಪಕ್ಕದ ಬಂಡೆಯಲ್ಲಿ ಕೆತ್ತಿದ ಬೃಹತ್ ಮೈತ್ರೇಯ ಬುದ್ಧ ಎದುರಾಗುತ್ತಾನೆ.

ನಂತರ ನಮಿಕಾ ಲಾ, ಅದರ ನಂತರ ಫೋತು ಲಾ. ಫೋತು ಲಾ 4,108 ಮೀಟರ್, ಶ್ರೀನಗರ ಲೇಹ್ ರಸ್ತೆಯ ಅತಿ ಎತ್ತರದ ಬಿಂದು. ಝೋಜಿಲಾಕ್ಕಿಂತ 580 ಮೀಟರ್ ಮೇಲೆ. ಆದರೂ ಡಾಂಬರು ರಸ್ತೆ ನುಣುಪು, ತಿರುವುಗಳು ಅಗಲ, ಹೆದರಿಕೆಯೇ ಆಗುವುದಿಲ್ಲ. ಆಪತ್ತು ಅಡಗಿರುವುದು ಇಂತಹ ಕಡೆಯಲ್ಲೇ. ಕಣ್ಣಿಗೆ ಪ್ರಪಾತ ಕಾಣುತ್ತಿದ್ದರೆ ಮನುಷ್ಯ ಎಚ್ಚರವಾಗಿರುತ್ತಾನೆ. ಗಾಳಿ ತೆಳುವಾದದ್ದು ಕಣ್ಣಿಗೆ ಕಾಣುವುದಿಲ್ಲ.

ಆ ದಿನವೇ ಲೇಹ್ ಮುಟ್ಟುವ ಹಟ ಬೇಡ. ಆಲ್ಚಿಯಲ್ಲಿ ನಿಲ್ಲಿ. ಸಿಂಧೂ ನದಿಯ ಪಕ್ಕದ ಸಣ್ಣ ಹಳ್ಳಿ, ಜರ್ದಾಳು ಮರಗಳು, ಶತಮಾನಗಳಷ್ಟು ಹಳೆಯ ಭಿತ್ತಿಚಿತ್ರಗಳಿರುವ ಬೌದ್ಧ ವಿಹಾರ. ಮರುದಿನ ನಿಮ್ಮೂವಿನಲ್ಲಿ ಝಂಸ್ಕಾರ್ ನದಿ ಬಂದು ಸಿಂಧೂವನ್ನು ಸೇರುವ ಸಂಗಮ. ಎರಡು ನೀರಿನ ಎರಡು ಬಣ್ಣ ಸ್ವಲ್ಪ ದೂರ ಬೆರೆಯದೆ ಹರಿಯುತ್ತದೆ. ಹತ್ತಿರದಲ್ಲೇ 'ಮ್ಯಾಗ್ನೆಟಿಕ್ ಹಿಲ್' ಎಂಬ ಫಲಕವೂ ಇದೆ, ಕಾರು ತಾನಾಗಿ ಏರುತ್ತದೆ ಎನ್ನುತ್ತಾರೆ. ಅದು ಕಣ್ಣಿನ ಭ್ರಮೆ ಮಾತ್ರ. ಮಕ್ಕಳಿಗೆ ಫೋನಿನಲ್ಲಿ ಹೇಳಲು ಚೆನ್ನಾಗಿರುತ್ತದೆ.

ಲೇಹ್ ತಲುಪಿದ ಮೇಲೆ ಎರಡು ದಿನ ಏನೂ ಮಾಡಬೇಡಿ. ಸಂಜೆ ಪೇಟೆಯಲ್ಲಿ ನಿಧಾನ ನಡೆಯಿರಿ. ಪೇಟೆಯ ತುದಿಯಲ್ಲಿ 1660ರ ದಶಕದ ಜಾಮಿಯಾ ಮಸೀದಿ ಇದೆ. ಅದರ ಹಿಂದಿನ ಓಣಿಯಲ್ಲಿ ತಂದೂರ್ ಒಲೆಗಳ ಸಾಲು, ಬೆಳಗ್ಗೆ ಬಿಸಿ ರೊಟ್ಟಿ ಸಿಗುತ್ತದೆ. ಊಟದ ಬಗ್ಗೆ ಚಿಂತೆ ಬೇಡ, ಹಲಾಲ್ ಊಟ ಶ್ರೀನಗರದಿಂದ ಲೇಹ್‌ವರೆಗೂ ಧಾರಾಳವಾಗಿ ಸಿಗುತ್ತದೆ.

ಈಗ ಆರಂಭದಲ್ಲಿ ಹೇಳಿದ ಆ ಅಭ್ಯಾಸದ ಮಾತು. 3,500 ಮೀಟರಿನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ತೀರದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಭಾಗ. ಟಗ್ಲಂಗ್ ಲಾದಲ್ಲಿ ಹೆಚ್ಚು ಕಡಿಮೆ ಅರ್ಧ. ದೇಹ ಹೊಂದಿಕೊಳ್ಳುವ ಮೊದಲೇ ಮೇಲೇರಿದರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಸುಸ್ತು ಶುರುವಾಗುತ್ತದೆ. ಹೆಚ್ಚಿನವರಿಗೆ ಅಲ್ಲೇ ನಿಂತರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿಲ್ಲದೆ ಮತ್ತೂ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತಡವರಿಸುವ ಮಾತು, ಇವು ಅದರ ಗುರುತುಗಳು. ಆಮೇಲಿನ ಚಿಕಿತ್ಸೆಯಲ್ಲಿ ಮೊದಲನೆಯದು ತಕ್ಷಣ ಕೆಳಗಿಳಿಸುವುದು. ಆಮ್ಲಜನಕ, ಔಷಧಿ ಎಲ್ಲವೂ ಅದಕ್ಕೆ ಸಹಾಯಕ ಮಾತ್ರ. ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎಂಬುದು ಸುಳ್ಳು.

ನನ್ನ ಪರಿಚಯದ ಒಬ್ಬ ಉಪಾಧ್ಯಾಯರು ಪತ್ನಿಯೊಂದಿಗೆ ಮನಾಲಿಯ ಕಡೆಯಿಂದ ಹೊರಟಿದ್ದರು. ಎರಡನೆಯ ರಾತ್ರಿ ಸರ್ಚುವಿನ ಡೇರೆಯಲ್ಲಿ ಮಲಗಿದರು. ಆಕೆಗೆ ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತು. ಗಂಡ ಎರಡು ಸಲ ಕೇಳಿದಾಗಲೂ 'ಏನಿಲ್ಲ' ಎಂದರು. ರಾತ್ರಿ ಡೇರೆಯ ಹಿಂದೆ ಹೋಗಿ ವಾಂತಿ ಮಾಡಿ, ಕಾಲಿನಿಂದ ಅದರ ಮೇಲೆ ಮಣ್ಣು ಎಳೆದು ಮುಚ್ಚಿ ಬಂದು ಮಲಗಿದರು. ಬೆಳಗ್ಗೆ ಕಾರಿನಲ್ಲಿ ಅವರ ಮಾತು ತೊದಲತೊಡಗಿದಾಗಲೇ ಗಂಡನಿಗೆ ತಿಳಿದದ್ದು. ದಾರಿಯ ಸೇನಾ ಶಿಬಿರದಲ್ಲಿ ಆಮ್ಲಜನಕ ಕೊಟ್ಟು, ಜೊತೆಗೆ ಜನ ಕೊಟ್ಟು ಕಳಿಸಿದರು. ಆಕೆ ಉಳಿದರು. ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ: "ಎರಡು ವರ್ಷ ಹಣ ಕೂಡಿಟ್ಟಿದ್ದಿರಿ. ನನ್ನಿಂದ ಹಾಳಾಗುವುದು ಬೇಡ ಅನ್ನಿಸಿತು."

ಓದುಗ ಸಹೋದರಿಯರೇ, ಈ ಉತ್ತರ ನಿಮಗೆ ಅಪರಿಚಿತವೇ? ಜ್ವರವಿದ್ದರೂ ಅಡುಗೆ ಮುಗಿಸುವವರು, ಬೆನ್ನುನೋವನ್ನು ಮದುವೆ ಮನೆಯಿಂದ ಬಂದ ಮೇಲೆ ಹೇಳೋಣ ಎಂದುಕೊಳ್ಳುವವರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ನಾವು ಅದಕ್ಕೆ ಸಹನೆ ಎಂಬ ದೊಡ್ಡ ಹೆಸರು ಕೊಟ್ಟಿದ್ದೇವೆ. ಗಂಡಸರೂ ಕಡಿಮೆಯಿಲ್ಲ. ಸ್ಟೇರಿಂಗ್ ಹಿಡಿದವನಿಗೆ ತಲೆ ತಿರುಗುತ್ತಿದೆ ಎಂದು ಒಪ್ಪಿಕೊಳ್ಳಲು ನಾಚಿಕೆ. ಅರಬಿಯಲ್ಲಿ ಪ್ರಯಾಣಕ್ಕೆ 'ಸಫರ್' ಎನ್ನುತ್ತಾರೆ. ಅದೇ ಧಾತುವಿಗೆ ಮುಸುಕು ಸರಿಸು, ಬಯಲು ಮಾಡು ಎಂಬ ಅರ್ಥವೂ ಇದೆ. ಪ್ರಯಾಣ ಮನುಷ್ಯರ ಸ್ವಭಾವವನ್ನು ಹೊರಗೆ ತೋರಿಸುವುದರಿಂದ ಅದಕ್ಕೆ ಆ ಹೆಸರು ಬಂತೆಂದು ಹಿಂದಿನ ವಿದ್ವಾಂಸರು ಹೇಳುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಕಾಣದ ಒಂದು ಸಂಗತಿ ಕಾರಿನ ಎರಡು ಸೀಟುಗಳ ನಡುವೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಜೊತೆಗಾರ್ತಿಗೆ ನಿಜ ಹೇಳುವ ಧೈರ್ಯ ನೀವು ಇದುವರೆಗೆ ಕೊಟ್ಟಿದ್ದೀರಾ?

ಆದ್ದರಿಂದ ಹೊರಡುವ ಮುನ್ನವೇ ಒಂದು ಕರಾರು ಮಾಡಿಕೊಳ್ಳಿ. ಯಾರಿಗಾದರೂ ತಲೆನೋವು ಬಂದರೆ ಆ ದಿನ ಇಬ್ಬರೂ ಮೇಲೇರುವಂತಿಲ್ಲ, ವಾದವೂ ಇಲ್ಲ. 'ಹೇಗಿದ್ದೀಯಾ' ಎಂದು ಕೇಳಬೇಡಿ. ಅದಕ್ಕೆ 'ಏನಿಲ್ಲ' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. 'ತಲೆನೋವು ಎಷ್ಟಿದೆ, ಬೆಳಗ್ಗೆ ಎಷ್ಟು ತಿಂದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು' ಎಂದು ಕೇಳಿ. ನೆಲದ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿ, ತೂರಾಡಿದರೆ ತಡಮಾಡಬೇಡಿ. ಕೊರೋನಾ ಕಾಲದಲ್ಲಿ ಕೊಂಡು ಈಗ ಡ್ರಾವರಿನಲ್ಲಿ ಬಿದ್ದಿರುವ ಆಕ್ಸಿಮೀಟರ್ ಇದ್ದರೆ ಒಯ್ಯಿರಿ. ಆದರೆ ಅದರ ಅಂಕಿಗಿಂತ ಮುಖ ನೋಡುವುದು ಮೇಲು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕಾಣದೆ ಹೊರಡಬಾರದು. ಎತ್ತರಕ್ಕೆ ಹೊಂದಿಕೊಳ್ಳಲು ಕೊಡುವ ಅಸಿಟಝೋಲಮೈಡ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ನಿದ್ದೆ ಬರುವುದಿಲ್ಲವೆಂದು ನಿದ್ದೆ ಮಾತ್ರೆ ಖಂಡಿತ ಬೇಡ.

ಲೇಹ್‌ನಿಂದ ಮನಾಲಿಗೆ ಹೊರಡುವ ಮುನ್ನ ಈ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿರಲಿ. ಕಾರಣವಿದೆ. ಈ 430 ಕಿಲೋಮೀಟರ್ ದಾರಿಯಲ್ಲಿ ಟಗ್ಲಂಗ್ ಲಾ, ಲಾಚುಂಗ್ ಲಾ, ನಕೀ ಲಾ, ಬಾರಾಲಾಚಾ ಲಾ ಒಂದರ ಹಿಂದೆ ಒಂದು ಬರುತ್ತವೆ. ಅವುಗಳ ನಡುವೆ ಪಾಂಗ್ ಸುಮಾರು 4,600 ಮೀಟರ್, ಸರ್ಚು 4,290. ಅಲ್ಲಿ ಕಾಯಿಲೆ ಬಿದ್ದರೆ ಎತ್ತ ಹೋಗಬೇಕಿದ್ದರೂ ಕೆಳಗಿಳಿಯುವ ಮೊದಲು ಇನ್ನೊಂದು ಘಟ್ಟ ಹತ್ತಲೇಬೇಕು. ಲೇಹ್‌ನಲ್ಲಿ ಸರಕಾರಿ ಆಸ್ಪತ್ರೆಯಿದೆ, ನಿಲ್ಲಬಹುದು. ಈ ನಡುವಿನಲ್ಲಿ ಡೇರೆಗಳು ಮತ್ತು ಸೇನೆಯ ಶಿಬಿರ ಬಿಟ್ಟರೆ ಹೆಚ್ಚೇನೂ ಇಲ್ಲ. ಖರ್ದುಂಗ್ ಲಾ ನೋಡಲೇಬೇಕು ಎನ್ನುವವರಿಗೂ ಇದೇ ಮಾತು. ಲೇಹ್‌ನಿಂದ ಬೆಳಗ್ಗೆ ಹೋಗಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ ಇಳಿಯಿರಿ. ಅಲ್ಲಿನ ಹಳೆಯ ಫಲಕ 18,380 ಅಡಿ ಎಂದು ಹೇಳುತ್ತಿತ್ತು, ಉಪಗ್ರಹದ ಅಳತೆಯಲ್ಲಿ ಅದು 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಫೋಟೋಕ್ಕೆ ಯಾವುದಾದರೂ ಸಾಕು.

ಗಾಡಿ ಓಡಿಸುವ ವಿಷಯ ಸ್ವಲ್ಪ. ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು, ಇದು ಕಾನೂನೂ ಹೌದು. ಇಳಿಯುವಾಗ ಬ್ರೇಕನ್ನೇ ನಂಬಬೇಡಿ, ಏರಲು ಹಾಕುತ್ತಿದ್ದ ಗೇರಿನಲ್ಲೇ ಇಳಿಯಿರಿ. ಟರ್ಬೊ ಇಲ್ಲದ ಪೆಟ್ರೋಲ್ ಕಾರು ಎತ್ತರ ಹೆಚ್ಚಿದಂತೆ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಕೆಟ್ಟಿದೆ ಎಂದುಕೊಂಡು ಗಾಬರಿಯಾಗಬೇಡಿ. ಹಿಮ ಕರಗಿ ರಸ್ತೆಯ ಮೇಲೆ ಹರಿಯುವ ನಾಲಾಗಳು ಬೆಳಗ್ಗೆ ಪಾದ ಮುಳುಗುವಷ್ಟಿದ್ದರೆ ಮಧ್ಯಾಹ್ನದ ಬಿಸಿಲಿಗೆ ಮೊಣಕಾಲು ದಾಟುತ್ತವೆ. ಆದ್ದರಿಂದ ಬೆಳಕು ಹರಿಯುವಾಗಲೇ ಹೊರಡಿ, ರಾತ್ರಿ ಓಡಿಸಬೇಡಿ. ಲೇಹ್ ಅಥವಾ ಕಾರುವಿನಲ್ಲಿ ಟ್ಯಾಂಕ್ ತುಂಬಿಸಿ. ಇನ್ನೊಂದು ತುದಿಯ ಟಾಂಡಿಯಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ದೂರವೆಂದು ಎಚ್ಚರಿಸುವ ಫಲಕ ಬಹಳ ವರ್ಷಗಳಿಂದ ಪ್ರಸಿದ್ಧ. ಜುಲೈ, ಆಗಸ್ಟ್‌ನಲ್ಲಿ ಕುಲ್ಲೂ ಕಡೆ ಗುಡ್ಡ ಕುಸಿತದ ಭಯ, 2023ರ ಜುಲೈಯಲ್ಲಿ ಬಿಯಾಸ್ ನದಿ ಅಲ್ಲಿನ ಹೆದ್ದಾರಿಯನ್ನೇ ಅಲ್ಲಲ್ಲಿ ಕೊಚ್ಚಿಕೊಂಡು ಹೋಗಿತ್ತು. ಸೆಪ್ಟೆಂಬರ್ ಮೊದಲ ವಾರಗಳು ಎಲ್ಲಕ್ಕಿಂತ ಹಿತ.

ಟಗ್ಲಂಗ್ ಲಾ ಇಳಿದ ಮೇಲೆ ಮೋರೆ ಬಯಲು ಬರುತ್ತದೆ. 4,700 ಮೀಟರ್ ಎತ್ತರದಲ್ಲಿ ಸುಮಾರು 40 ಕಿಲೋಮೀಟರ್ ಅಂಗೈಯಷ್ಟು ಸಪಾಟು, ಸುತ್ತ ಬೆಟ್ಟ, ಮೇಲೆ ಬೇರೆಲ್ಲೂ ಕಾಣದಷ್ಟು ಗಾಢ ನೀಲಿ ಆಕಾಶ. ನೇರ ರಸ್ತೆ. ಲೈಸನ್ಸ್ ಮಾಡಿಸಿ ಕಪಾಟಿನಲ್ಲಿಟ್ಟ ಪತ್ನಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸ್ಟೇರಿಂಗನ್ನು ಅವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು, ಪಕ್ಕದಲ್ಲಿ ಕುಳಿತು ಕುದುರೆಗಳಂತಹ ಕಿಯಾಂಗ್ ಕಾಡುಕತ್ತೆಗಳು ಕಂಡಾವೇ ಎಂದು ನೋಡುವ ಅವಕಾಶ ನಿಮಗೂ ಸಿಗುತ್ತದೆ. ಆಮೇಲೆ ಪಾಂಗ್, ಎರಡು ಘಟ್ಟ, ಗಾಟಾ ಲೂಪ್ಸ್‌ನ 21 ತಿರುವುಗಳ ಇಳಿಜಾರು. ಆಗುಂಬೆಯ ಒಂದೂವರೆ ಪಟ್ಟು ಎಂದು ಲೆಕ್ಕ ಹಾಕಿಕೊಳ್ಳಿ.

ಲೇಹ್‌ನಲ್ಲಿ ಚೆನ್ನಾಗಿ ಹೊಂದಿಕೊಂಡವರು ಸರ್ಚುವಿನಲ್ಲಿ ತಂಗಬಹುದು. ಇಲ್ಲವಾದರೆ ಬಹಳ ಬೇಗ ಹೊರಟು ಬಾರಾಲಾಚಾ ದಾಟಿ ಜಿಸ್ಪಾ ಮುಟ್ಟಿಬಿಡಿ, ನದಿಯ ಪಕ್ಕ ಒಳ್ಳೆಯ ನಿದ್ದೆ ಬರುತ್ತದೆ. ಮುಂದೆ ಉಳಿದಿರುವುದು ರೋಹ್ತಾಂಗ್. ಅದರ 3,978 ಮೀಟರ್ ಹತ್ತುವ ಅನಿವಾರ್ಯತೆ ಈಗ ಇಲ್ಲ. 2020ರ ಅಕ್ಟೋಬರ್ 3ರಂದು ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗದೊಳಗೆ ಲಾಹೌಲ್‌ನ ಒಣ ಬೆಟ್ಟಗಳಿಂದ ನುಗ್ಗಿ, ಹತ್ತು ಹದಿನೈದು ನಿಮಿಷದಲ್ಲಿ ಆಚೆ ಬಂದರೆ ಎದುರಿಗೆ ದೇವದಾರು ಮರಗಳು, ತೇವದ ಗಾಳಿ, ಒಮ್ಮೊಮ್ಮೆ ಮಳೆ. ಇಳಿಯುತ್ತಾ ಹೋದಂತೆ ಕಿವಿ ಪಟ್ಟೆಂದು ಬಿಡುತ್ತದೆ, ಲೇಹ್‌ನಲ್ಲಿ ಉಬ್ಬಿ ನಿಂತಿದ್ದ ಬಿಸ್ಕಿಟ್ ಪೊಟ್ಟಣ ಹಿಂದಿನ ಸೀಟಿನಲ್ಲಿ ತಾನಾಗಿ ಚಪ್ಪಟೆಯಾಗಿರುತ್ತದೆ. ಮನಾಲಿಯಲ್ಲಿ ಸೇಬಿನ ಬುಟ್ಟಿಗಳನ್ನು ರಸ್ತೆಯ ಬದಿಯಲ್ಲೇ ಇಟ್ಟು ಮಾರುತ್ತಾರೆ.